ಬಿಎ ಪೂರ್ತಿ ಮಾಡೋದು ಹೇಗೆ: ಒಂದು ಹಾಳೆಯಲ್ಲಿ ನಿಮ್ಮ ಡಿಗ್ರಿಯ ಲೆಕ್ಕ

ಹೋದ ತಿಂಗಳು ಒಂದು ಸಂಜೆ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಳು. ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಕೆಲಸ ಅವಳದು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಮಡಚಿ ಮಡಚಿ ಅಂಚು ಸವೆದ ಮಾರ್ಕ್ಸ್ ಕಾರ್ಡ್‌ಗಳು. "ಅಕ್ಕಾ, ನಂದು ಬಿಎ ಮುಗಿದಿದೆ, ಒಂದೇ ಒಂದು ಸಣ್ಣ ಪೇಪರ್ ಬಾಕಿ ಇದೆ ಅಷ್ಟೇ. ಅರ್ಜಿಯಲ್ಲಿ ಡಿಗ್ರಿ ಅಂತ ಹಾಕ್ಕೋಬಹುದು ಅಲ್ವಾ?" ಅಂದಳು.

ಆಗಲ್ಲ. ಅದನ್ನು ಅವಳಿಗೆ ಹೇಳುವಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು, ಯಾಕೆಂದರೆ ನಾನೂ ಹೀಗೇ ಅಂದುಕೊಂಡು ಏಳು ವರ್ಷ ಕಳೆದವಳು. 2008ರಲ್ಲಿ ಬೆಂಗಳೂರಿನ ಒಂದು ಸಂಜೆ ಕಾಲೇಜಿಗೆ ಸೇರಿದೆ. ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಮೂರೂ ವಿಷಯದ ಎಲ್ಲ ಪೇಪರ್ ಪಾಸಾಯಿತು. ಪರಿಸರ ಅಧ್ಯಯನದ ಪರೀಕ್ಷೆ ದಿನ ಜ್ವರ ಬಂದು ಮಲಗಿದ್ದೆ. "ಅದು ಮೇನ್ ಸಬ್ಜೆಕ್ಟ್ ಅಲ್ಲ ಬಿಡಿ" ಎಂದು ಕಾಲೇಜಿನಲ್ಲಿ ಯಾರೋ ಹೇಳಿದರು, ನಾನು ನಂಬಿದೆ. 2018ರಲ್ಲಿ ಒಂದು ಕೆಲಸಕ್ಕೆ ದಾಖಲೆ ಪರಿಶೀಲನೆಗೆ ಕರೆದಾಗ ಡಿಗ್ರಿ ಸರ್ಟಿಫಿಕೇಟ್ ಕೇಳಿದರು. ಅದನ್ನು ತರೋಣ ಅಂತ ಕಾಲೇಜಿಗೆ ಹೋದರೆ ಆಫೀಸಿನವರು ದಪ್ಪ ಲೆಡ್ಜರ್ ತೆಗೆದು, ನನ್ನ ಹೆಸರಿನ ಸಾಲಿನ ಮೇಲೆ ಬೆರಳು ಎಳೆಯುತ್ತಾ ಹೋಗಿ, ಒಂದು ಖಾಲಿ ಚೌಕದ ಮೇಲೆ ನಿಲ್ಲಿಸಿದರು. ಆ ಚೌಕದಲ್ಲಿ ಏನೂ ಇರಲಿಲ್ಲ. ಅಷ್ಟೇ ಸಾಕಾಗಿತ್ತು, ಕೆಲಸ ಹೋಯಿತು.

ಆಮೇಲೆ ಮತ್ತೆ ಮೊದಲಿಂದ ಸೇರಿ, ದುಡಿಯುತ್ತಲೇ ಓದಿ, ಡಿಗ್ರಿ ತಗೊಂಡೆ. ಆ ದಾರಿಯಲ್ಲಿ ಕಂಡುಕೊಂಡಿದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ಸಾಮಾನ್ಯ ಬಿಎ ಓದುವವರು, ಅಂದರೆ ಒಂದೇ ವಿಷಯದಲ್ಲಿ ಆನರ್ಸ್ ಅಲ್ಲದೆ ನಾಲ್ಕಾರು ವಿಷಯ ಸೇರಿಸಿ ಓದುವವರು, ದೊಡ್ಡ ಪೇಪರ್‌ಗಳಲ್ಲಿ ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಅವರನ್ನು ಹಿಡಿದು ನಿಲ್ಲಿಸುವುದು ಯಾರೂ ಲೆಕ್ಕಕ್ಕೆ ಇಡದ ಸಣ್ಣ ಪೇಪರ್‌ಗಳು.

ಮೊದಲ ಕೆಲಸ: ನಿಮ್ಮ ಸ್ಕೀಮ್ ಯಾವುದು ನೋಡಿ

ಪೇಪರಲ್ಲಿ, ಟಿವಿಯಲ್ಲಿ ಬರುವ ಸುದ್ದಿ ನೋಡಿ ಗಾಬರಿ ಆಗಬೇಡಿ. ಡಿಗ್ರಿ ಮೂರು ವರ್ಷವಂತೆ, ಅಲ್ಲ ನಾಲ್ಕು ವರ್ಷವಂತೆ, ಹೊಸ ಪದ್ಧತಿ ಬಂತಂತೆ. ಇದೆಲ್ಲ ನಿಮಗೆ ಅನ್ವಯಿಸುತ್ತದೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸುವುದು ಒಂದೇ ವಿಷಯ: ನೀವು ಮೊದಲ ಸೆಮಿಸ್ಟರ್‌ಗೆ ಸೇರಿದ ವರ್ಷ.

2021-22ಕ್ಕಿಂತ ಮೊದಲು ಸೇರಿದವರಿಗೆ ಹಳೇ ಸೆಮಿಸ್ಟರ್ ಅಥವಾ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ನಿಯಮ. 2021-22, 2022-23, 2023-24, ಈ ಮೂರು ವರ್ಷ ಸೇರಿದವರು ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಬ್ಯಾಚ್. ದೇಶದಲ್ಲಿ ಎನ್‌ಇಪಿಯನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕವೇ. ಆಮೇಲೆ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಿತು. ಅದರ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಹೊರಡಿಸಿ, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಇದನ್ನು ಎಸ್‌ಇಪಿ ಅಂತಾರೆ. ಎನ್‌ಇಪಿಯಲ್ಲಿ ಸೇರಿದವರು ಎನ್‌ಇಪಿ ಪ್ರಕಾರವೇ ಮುಗಿಸಬೇಕು, ನಿಮ್ಮ ತಮ್ಮ ಓದುತ್ತಿರುವ ಎಸ್‌ಇಪಿ ಪುಸ್ತಕ ಇಟ್ಟುಕೊಂಡು ನಿಮ್ಮ ಬಾಕಿ ಪೇಪರ್‌ಗೆ ಓದಬೇಡಿ. ಹೀಗೆ ಓದಿ ಪರೀಕ್ಷೆ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ನೋಡಿ ಕಣ್ಣೀರು ಹಾಕಿದವರನ್ನು ನಾನು ಕಂಡಿದ್ದೇನೆ.

ಇನ್ನೊಂದು ಗೊಂದಲ ಬೆಂಗಳೂರಿಗೇ ಸೇರಿದ್ದು. 1964ರಲ್ಲಿ ಶುರುವಾದ ಬೆಂಗಳೂರು ವಿಶ್ವವಿದ್ಯಾಲಯ ಈಗ ಮೂರಾಗಿದೆ. ಜ್ಞಾನಭಾರತಿಯಲ್ಲಿರುವುದು ಮೂಲದ್ದು. ಸೆಂಟ್ರಲ್ ಕಾಲೇಜು ಆವರಣದಲ್ಲಿ ನಗರ ವಿಶ್ವವಿದ್ಯಾಲಯ, ಕೋಲಾರದ ಕಡೆ ಉತ್ತರ ವಿಶ್ವವಿದ್ಯಾಲಯ. ನಿಮ್ಮ ಕಾಲೇಜು ಇವತ್ತು ಯಾರ ಕೆಳಗಿದೆ ಎನ್ನುವುದಕ್ಕಿಂತ, ನಿಮ್ಮ ಮೊದಲ ಮಾರ್ಕ್ಸ್ ಕಾರ್ಡ್ ಮೇಲೆ ಯಾರ ಹೆಸರು ಅಚ್ಚಾಗಿದೆ ನೋಡಿ. ವಿಚಾರಿಸುವುದನ್ನು ಅಲ್ಲಿಂದ ಶುರು ಮಾಡಿ. ಇಲ್ಲದಿದ್ದರೆ ಮೆಜೆಸ್ಟಿಕ್‌ನಿಂದ ಬಸ್ ಹತ್ತಿ ಜ್ಞಾನಭಾರತಿಗೆ ಹೋಗಿ, ಅಲ್ಲಿ ಅರ್ಧ ದಿನ ನಿಂತು, ಕೊನೆಗೆ "ಇದು ಇಲ್ಲಲ್ಲ, ಸೆಂಟ್ರಲ್ ಕಾಲೇಜಿಗೆ ಹೋಗಿ" ಅಂತ ಕೇಳಿಸಿಕೊಂಡು ವಾಪಸ್ ಬರಬೇಕಾಗುತ್ತದೆ. ಒಂದು ದಿನದ ಸಂಬಳ ಕಟ್ ಆಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಎರಡನೇ ಕೆಲಸ: ಒಂದು ದೊಡ್ಡ ಹಾಳೆ ತಗೊಳ್ಳಿ

ಇದನ್ನು ದಯವಿಟ್ಟು ಮಾಡಿ. ಮನಸ್ಸಲ್ಲೇ ಲೆಕ್ಕ ಹಾಕಬೇಡಿ. ಒಂದು ಚಾರ್ಟ್ ಹಾಳೆ ತಗೊಂಡು ಆರು ಸೆಮಿಸ್ಟರ್‌ಗೆ ಆರು ಗೆರೆ ಎಳೆಯಿರಿ. ಪ್ರತಿ ಸೆಮಿಸ್ಟರ್‌ನಲ್ಲಿ ಇರಬೇಕಾದ ಎಲ್ಲ ಪೇಪರ್‌ಗಳ ಹೆಸರನ್ನು ನಿಮ್ಮ ಸ್ಕೀಮ್‌ನ ಸಿಲಬಸ್ ನೋಡಿ ಬರೆಯಿರಿ. ಮಾರ್ಕ್ಸ್ ಕಾರ್ಡ್ ನೋಡಿ ಬರೆಯಬೇಡಿ, ಯಾಕೆಂದರೆ ನೀವು ಬರೆಯದೇ ಇರುವ ಪೇಪರ್ ಮಾರ್ಕ್ಸ್ ಕಾರ್ಡ್‌ನಲ್ಲಿ ಕಾಣಿಸದೇ ಇರಬಹುದು. ನನಗೆ ಆಗಿದ್ದೂ ಅದೇ. ಸಿಲಬಸ್‌ನಿಂದ ಬರೆದುಕೊಂಡು, ಆಮೇಲೆ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಒಂದೊಂದಕ್ಕೆ ಟಿಕ್ ಹಾಕಿ. ಟಿಕ್ ಬೀಳದ್ದು ನಿಮ್ಮ ಬಾಕಿ.

ನಾನು ಎರಡನೇ ಸಲ ಓದುವಾಗ ಈ ಹಾಳೆಯನ್ನು ಬೀರು ಬಾಗಿಲಿನ ಒಳಗಡೆ ಅಂಟಿಸಿದ್ದೆ. ದಿನಾ ಬೆಳಿಗ್ಗೆ ಸೀರೆ ತೆಗೆಯುವಾಗ ಕಣ್ಣಿಗೆ ಬೀಳುತ್ತಿತ್ತು. ಹಸಿರು ಪೆನ್ನಲ್ಲಿ ಟಿಕ್, ಬಾಕಿ ಇದ್ದದ್ದಕ್ಕೆ ಕೆಂಪಲ್ಲಿ ಸುತ್ತು. ಕೊನೆಯ ವರ್ಷದ ಹೊತ್ತಿಗೆ ಹಾಳೆಯ ಮೂಲೆ ಹರಿದು ಸೆಲೋ ಟೇಪ್ ಹಾಕಿದ್ದೆ.

ಹಾಳೆಯಲ್ಲಿ ಏನೇನು ಇರಬೇಕು? ವಿಷಯದ ಪೇಪರ್‌ಗಳು ಎಲ್ಲರಿಗೂ ನೆನಪಿರುತ್ತವೆ. ಅದರ ಪಕ್ಕದಲ್ಲಿ ಬರುವವನ್ನು ಹುಷಾರಾಗಿ ಬರೆಯಿರಿ.

ಭಾಷೆಗಳು. ಕನ್ನಡ ಓದದೇ ಬಂದವರಿಗೆ ಬೇರೆ ಕನ್ನಡ ಪೇಪರ್ ಇರುತ್ತದೆ. ಹೊರ ರಾಜ್ಯದಿಂದ ಬಂದು ಇಲ್ಲಿ ಓದಿದ ಸ್ನೇಹಿತರು ಇದನ್ನು ಬಿಟ್ಟು ಒದ್ದಾಡುತ್ತಾರೆ, ಅವರಿಗೆ ಹೇಳಿ.

ಪರಿಸರ ಅಧ್ಯಯನ. ಇದು ಸುಮ್ನೆ ಸೇರಿಸಿದ ಪೇಪರ್ ಅಲ್ಲ. ಪರಿಸರದ ಪಾಠ ಎಲ್ಲರಿಗೂ ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು, ಎಂ.ಸಿ. ಮೆಹ್ತಾ ಹಾಕಿದ್ದ ಕೇಸಿನಲ್ಲಿ. ಆ ಕಾರಣದಿಂದಲೇ ಯಾವ ಡಿಗ್ರಿ ಓದಿದರೂ ಇದು ಬೆನ್ನು ಬಿಡಲ್ಲ. ಇದರ ಜೊತೆಗೇ ಸಂವಿಧಾನದ ಪೇಪರ್. ಎರಡೂ ಸುಲಭ, ಎರಡೂ ಉಪಯೋಗಕ್ಕೆ ಬರುವಂಥವು, ಎರಡನ್ನೂ ಜನ ಕಡೆಗಣಿಸುತ್ತಾರೆ.

ಎನ್‌ಇಪಿ ಬ್ಯಾಚ್‌ನವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಓಪನ್ ಎಲೆಕ್ಟಿವ್, ಅಂದರೆ ನಿಮ್ಮ ಮುಖ್ಯ ವಿಷಯದ ಹೊರಗೆ ಆರಿಸಿಕೊಳ್ಳುವ ಪೇಪರ್ ಇದೆ, ಡಿಜಿಟಲ್ ಫ್ಲೂಯೆನ್ಸಿ ಥರದ ಕೌಶಲದ ಪೇಪರ್ ಇದೆ, ಯೋಗ, ದೈಹಿಕ ಶಿಕ್ಷಣ, ಎನ್‌ಎಸ್‌ಎಸ್ ಥರದ್ದಕ್ಕೂ ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕದಲ್ಲಿ ಒಂದೊಂದು ಪೇಪರ್‌ಗೆ ಇರುವ ತೂಕ, ಇದೆ. ಒಂದೋ ಎರಡೋ ಕ್ರೆಡಿಟ್ ಅಂತ ಇವುಗಳ ಕ್ಲಾಸಿಗೆ ಹೋಗದೆ, ಕಾಲೇಜಿನವರು ಅಂಕ ಕಳಿಸದೆ, ಕೊನೆಗೆ ಮಾರ್ಕ್ಸ್ ಕಾರ್ಡ್‌ನಲ್ಲಿ ಗೈರು ಅಂತ ಬಂದ ಮಕ್ಕಳು ಎಷ್ಟೋ ಜನ. ನಮ್ಮ ಬಿಲ್ಲಿಂಗ್ ಹುಡುಗಿಯದ್ದೂ ಇದೇ. ಅವಳ ಹಾಳೆಯನ್ನು ನೆಲದ ಮೇಲೆ ಹಾಸಿಕೊಂಡು ಇಬ್ಬರೂ ಟಿಕ್ ಹಾಕುತ್ತಾ ಹೋದಾಗ, "ಒಂದೇ ಪೇಪರ್" ಅಂದದ್ದು ಎರಡಾಯಿತು. ಎರಡನೇ ಸೆಮಿಸ್ಟರ್‌ನ ಒಂದು ಓಪನ್ ಎಲೆಕ್ಟಿವ್‌ನಲ್ಲಿ ಅವಳು ಫೇಲಾಗಿದ್ದಳು, ಅವಳಿಗೇ ಮರೆತುಹೋಗಿತ್ತು.

ಹಾಳೆ ತುಂಬಿದ ಮೇಲೆ ಅದನ್ನು ತಗೊಂಡು ಕಾಲೇಜು ಆಫೀಸಿಗೆ ಹೋಗಿ. ಪರೀಕ್ಷಾ ವಿಭಾಗ ನೋಡಿಕೊಳ್ಳುವ ಗುಮಾಸ್ತರ ಹತ್ತಿರ, "ಸಾರ್, ಇಷ್ಟು ಬಾಕಿ ಅಂತ ನನ್ನ ಲೆಕ್ಕ, ನಿಮ್ಮ ದಾಖಲೆಯಲ್ಲೂ ಇಷ್ಟೇನಾ ನೋಡಿ" ಅಂತ ಕೇಳಿ. ಬರೀ "ನಂದು ಎಷ್ಟು ಬಾಕಿ ಇದೆ?" ಅಂತ ಹೋದರೆ ಅವರಿಗೂ ಕಷ್ಟ, ನಿಮಗೂ ಅರೆಬರೆ ಉತ್ತರ ಸಿಗುತ್ತದೆ. ನೀವೇ ಲೆಕ್ಕ ಹಾಕಿಕೊಂಡು ಹೋದರೆ ಅವರೂ ಕುಳಿತು ನೋಡುತ್ತಾರೆ. 2021ರಿಂದ ಈಚೆಗೆ ಸೇರಿದವರ ನೋಂದಣಿ, ಹಾಲ್ ಟಿಕೆಟ್, ಫಲಿತಾಂಶ ಎಲ್ಲ ಯುಯುಸಿಎಂಎಸ್ ಎನ್ನುವ ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಲ್ಲಿ ಇರುತ್ತದೆ, ಲಾಗಿನ್ ಆಗಿ ಅದನ್ನೂ ತಾಳೆ ನೋಡಿ. ಪಾಸ್‌ವರ್ಡ್ ಮರೆತಿದ್ದರೆ, ಹಳೇ ಮೊಬೈಲ್ ನಂಬರ್ ಹೋಗಿದ್ದರೆ, ಕಾಲೇಜಿನಲ್ಲಿ ಹೇಳಿ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ.

ಪಾಸ್ ಅಂದರೆ ನಿಜವಾಗಿ ಎಷ್ಟು?

ಇಲ್ಲಿ ತುಂಬಾ ಜನ ಎಡವುತ್ತಾರೆ. ನಮ್ಮ ಕಡೆ ಬಿಎಗೆ ಸಾಮಾನ್ಯವಾಗಿ ಎರಡು ಗೆರೆ ದಾಟಬೇಕು. ಬರೆಯುವ ಪರೀಕ್ಷೆಯಲ್ಲಿ ಕನಿಷ್ಠ 35 ಪರ್ಸೆಂಟ್, ಐಎ, ಅಂದರೆ ಕಾಲೇಜಿನಲ್ಲೇ ಕೊಡುವ ಆಂತರಿಕ ಅಂಕ ಸೇರಿಸಿದ ಮೇಲೆ ಒಟ್ಟು 40 ಪರ್ಸೆಂಟ್.

ಎಸ್‌ಇಪಿಯಲ್ಲಿ ಪರೀಕ್ಷೆಗೆ 80, ಐಎಗೆ 20 ಅಂತ ಇಟ್ಟುಕೊಳ್ಳಿ. 80ಕ್ಕೆ 35 ಪರ್ಸೆಂಟ್ ಅಂದರೆ 28. ಆದರೆ 28 ತೆಗೆದರೆ ಸಾಕಾ? ಐಎಯಲ್ಲಿ 12 ಇದ್ದರೆ ಸಾಕು, ಒಟ್ಟು 40 ಆಗುತ್ತದೆ. ಐಎಯಲ್ಲಿ ಬರೀ 8 ಇದ್ದರೆ ಪರೀಕ್ಷೆಯಲ್ಲಿ 32 ಬೇಕು. ಇನ್ನೊಂದು ಕಡೆಯಿಂದ ನೋಡಿ: ಐಎ 20ಕ್ಕೆ 20 ಬಂದಿದ್ದರೂ ಪರೀಕ್ಷೆಯಲ್ಲಿ 27 ಬಂದರೆ ಫೇಲು. ಎನ್‌ಇಪಿ ಬ್ಯಾಚ್‌ಗೆ ಇದು 60 ಮತ್ತು 40, ಅಲ್ಲಿ ಐಎ ತೂಕ ಇನ್ನೂ ಜಾಸ್ತಿ.

ಐಎ ಅಂಕವನ್ನು ಆಮೇಲೆ ಹೆಚ್ಚಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶ ಇರಲ್ಲ, ಬಾಕಿ ಪೇಪರ್ ಬರೆಯುವಾಗಲೂ ಹಳೇ ಐಎಯೇ ಉಳಿಯುತ್ತದೆ. ಆದ್ದರಿಂದ ಈಗ ಕ್ಲಾಸಿಗೆ ಹೋಗುತ್ತಿರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ, ಟೆಸ್ಟ್ ತಪ್ಪಿಸಬೇಡಿ, ಅಸೈನ್‌ಮೆಂಟ್ ಕೊಟ್ಟು ಸಹಿ ಮಾಡಿಸಿಕೊಳ್ಳಿ. ಹಾಜರಾತಿ 75 ಪರ್ಸೆಂಟ್ ಬೇಕು ಎನ್ನುವುದನ್ನೂ ಹಗುರವಾಗಿ ತಗೋಬೇಡಿ. ಹಾಜರಾತಿ ಇಲ್ಲ ಅಂತ ಹಾಲ್ ಟಿಕೆಟ್ ತಡೆದರೆ ಫೇಲಾದಂತಲ್ಲ, ಅದಕ್ಕಿಂತ ಕಷ್ಟ, ಆ ಸೆಮಿಸ್ಟರ್‌ಗೇ ಮತ್ತೆ ಕೂರಬೇಕಾಗಬಹುದು.

ಅವಧಿ ಮುಗಿದಿದೆಯಾ ನೋಡಿ

ಡಿಗ್ರಿ ಮುಗಿಸಲು ಗಡುವು ಇರುತ್ತದೆ. ಹೆಚ್ಚಾಗಿ ಕೋರ್ಸ್‌ನ ಎರಡರಷ್ಟು, ಅಂದರೆ ಮೂರು ವರ್ಷದ ಬಿಎಗೆ ಆರು ವರ್ಷ. ನಿಮ್ಮ ಆರು ವರ್ಷ ಇನ್ನೂ ಇದ್ದರೆ ಮುಂದಿನ ಪರೀಕ್ಷೆಗೇ ಫೀಸ್ ಕಟ್ಟಿ. ಅಧಿಸೂಚನೆ ಬಂದ ದಿನವೇ ಗೊತ್ತಾಗಲಿ ಅಂತ ಕಾಲೇಜಿನ ವಾಟ್ಸಾಪ್ ಗ್ರೂಪ್‌ನಲ್ಲಿ ಇರಿ, ಇಲ್ಲವಾದರೆ ಈಗ ಓದುತ್ತಿರುವ ಯಾರಾದರೊಬ್ಬ ಜೂನಿಯರ್ ನಂಬರ್ ಇಟ್ಟುಕೊಳ್ಳಿ. ದಂಡ ಇಲ್ಲದ ಕೊನೆ ದಿನ ಒಂದು, ದಂಡ ಸಮೇತ ಕೊನೆ ದಿನ ಇನ್ನೊಂದು. ಇನ್ನೊಂದು ಮಾತು, ಬಾಕಿ ಪೇಪರ್‌ಗಳು ಬೆಸ ಸೆಮಿಸ್ಟರ್‌ನದ್ದೋ ಸಮ ಸೆಮಿಸ್ಟರ್‌ನದ್ದೋ ನೋಡಿಕೊಳ್ಳಿ. ಒಂದು, ಮೂರು, ಐದನೇ ಸೆಮಿಸ್ಟರ್ ಒಂದು ಸಲ ಬಂದರೆ ಎರಡು, ನಾಲ್ಕು, ಆರನೆಯದು ಅದರ ಮುಂದಿನ ಸಲ ಬರುತ್ತದೆ. ಒಂದು ಸಲ ಬಿಟ್ಟರೆ ಹೆಚ್ಚು ಕಡಿಮೆ ಒಂದು ವರ್ಷ ಹೋಯಿತು.

ಗಡುವು ಮುಗಿದಿದ್ದರೆ? ಆಗಲೂ ಕೈ ಬಿಡಬೇಡಿ. ಹಳೇ ಬ್ಯಾಚ್‌ನವರಿಗೆ ವಿಶ್ವವಿದ್ಯಾಲಯಗಳು ಆಗಾಗ ವಿಶೇಷ ಅವಕಾಶ ಕೊಡುತ್ತವೆ, ಹುಡುಗರು ಇದನ್ನು ಗೋಲ್ಡನ್ ಚಾನ್ಸ್ ಅಂತಾರೆ. ಇದು ಯಾವಾಗ ಬರುತ್ತದೆ ಅಂತ ಹೇಳಲಾಗದು, ಬಂದರೆ ಅರ್ಜಿ ಹಾಕಲು ಕೆಲವೇ ದಿನ ಸಿಗುತ್ತದೆ. ಮೌಲ್ಯಮಾಪನ ವಿಭಾಗಕ್ಕೆ ಒಂದು ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡು, ಒಂದು ವರ್ಷ ನೋಡಿ. ಅದಕ್ಕಿಂತ ಜಾಸ್ತಿ ಕಾಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಾಯುತ್ತಾ ಕೂತ ಮೂರು ವರ್ಷದಲ್ಲಿ ಹೊಸ ಡಿಗ್ರಿಯೇ ಆಗಿಬಿಡುತ್ತದೆ. ನಾನು ಹಾಗೆ ಮತ್ತೆ ಸೇರಿದವಳು.

ಮುಕ್ತ ವಿಶ್ವವಿದ್ಯಾಲಯದಲ್ಲಿ ಮತ್ತೆ ಶುರು ಮಾಡುವುದಾದರೆ

ದುಡಿಯುವವರಿಗೆ ಎರಡು ಒಳ್ಳೆ ದಾರಿ ಇವೆ. ಒಂದು, 1996ರಲ್ಲಿ ಮೈಸೂರಿನಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯಬೇಕು ಅನ್ನುವವರಿಗೆ ಇದೇ ಸರಿ. ಇದಕ್ಕೆ ಸುಮಾರು 2012-13ರಿಂದ ಕೆಲವು ವರ್ಷ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಆ ನಡುವಿನ ವರ್ಷಗಳ ಕಥೆ ಕೇಳಿ ಈಗಲೂ ಹೆದರುವವರಿದ್ದಾರೆ. ಎರಡನೆಯದು 1985ರಲ್ಲಿ ಸ್ಥಾಪನೆಯಾದ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಬೆಂಗಳೂರಿನ ಪ್ರಾದೇಶಿಕ ಕೇಂದ್ರ ಜಯನಗರದಲ್ಲಿದೆ. ಅಲ್ಲಿ ಬಿಎಯನ್ನು ಹೆಚ್ಚಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯುತ್ತಾರೆ.

ಯಾವುದಕ್ಕೆ ಸೇರಿದರೂ, ದುಡ್ಡು ಕಟ್ಟುವ ಮೊದಲು ಯುಜಿಸಿಯ ದೂರ ಶಿಕ್ಷಣ ಮಂಡಳಿಯ (ಡಿಇಬಿ) ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸ್, ಆ ವರ್ಷ, ಮೂರೂ ಇದೆಯಾ ನೋಡಿ. ಈಗ ದೂರ ಶಿಕ್ಷಣಕ್ಕೆ ಸೇರಲು ಡಿಇಬಿ ಐಡಿ ಅಂತ ಮಾಡಿಸಿಕೊಳ್ಳಬೇಕು, ಅದಕ್ಕೆ ಎಬಿಸಿ, ಅಂದರೆ ಕ್ರೆಡಿಟ್ ಬ್ಯಾಂಕ್‌ನ ಐಡಿ ಬೇಕು. ಬಸ್‌ಸ್ಟಾಪ್ ಕಂಬದ ಮೇಲೆ "ಒಂದೇ ವರ್ಷದಲ್ಲಿ ಡಿಗ್ರಿ" ಅಂತ ಅಂಟಿಸಿದ ಚೀಟಿ ನೋಡಿ ಫೋನ್ ಮಾಡಬೇಡಿ. ಪಿಯುಸಿ ಆದ ಮೇಲೆ ಒಂದೇ ವರ್ಷದಲ್ಲಿ ಮುಗಿಯುವ ಬಿಎ ಎಲ್ಲೂ ಇಲ್ಲ. ಕಷ್ಟಪಟ್ಟು ಕೂಡಿಟ್ಟ ದುಡ್ಡು ಹೋಗುತ್ತದೆ, ಆಮೇಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಮರ್ಯಾದೆಯೂ ಹೋಗುತ್ತದೆ.

ನಾನು ಓದಿದ್ದು ಇಗ್ನೋದ ಬಿಎ ಜನರಲ್. 2019ರ ಹೊಸ ಸಿಬಿಸಿಎಸ್ ಪಠ್ಯದಲ್ಲಿ ಅದರ ಲೆಕ್ಕ ಹೀಗಿತ್ತು: ಒಟ್ಟು 132 ಕ್ರೆಡಿಟ್, ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಎರಡು ವಿಷಯ ಮತ್ತು ಭಾಷೆಗಳ ಮುಖ್ಯ ಪೇಪರ್ 12, ಒಂದೊಂದಕ್ಕೆ 6 ಕ್ರೆಡಿಟ್, ಅಲ್ಲಿಗೆ 72. ಅದೇ ವಿಷಯಗಳ ಎಲೆಕ್ಟಿವ್ ನಾಲ್ಕು, 24 ಕ್ರೆಡಿಟ್. ಸಾಮಾನ್ಯ ಎಲೆಕ್ಟಿವ್ ಎರಡು, 12 ಕ್ರೆಡಿಟ್. ಕೌಶಲದ ಪೇಪರ್ ನಾಲ್ಕು, 16. ಕೊನೆಗೆ ಪರಿಸರ ಅಧ್ಯಯನ ಮತ್ತು ಇಂಗ್ಲಿಷ್ ಸಂವಹನ, ತಲಾ 4. ಹೌದು, ಪರಿಸರ ಅಧ್ಯಯನ ಅಲ್ಲೂ ಇತ್ತು. ಈ ಸಲ ಮೊದಲ ಅಸೈನ್‌ಮೆಂಟ್ ಬರೆದದ್ದೇ ಅದಕ್ಕೆ.

ಈಗ ಹೊಸದಾಗಿ ಸೇರುವವರಿಗೆ ಹಲವು ಕಡೆ ಯುಜಿಸಿಯ 2022ರ ಚೌಕಟ್ಟು ಬಂದಿದೆ. ಅದರಲ್ಲಿ ಮೂರು ವರ್ಷದ ಡಿಗ್ರಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಮೂರು ವರ್ಷದ್ದರಲ್ಲಿ ಮುಖ್ಯ ವಿಷಯಕ್ಕೆ ಕನಿಷ್ಠ 60, ಮೈನರ್‌ಗೆ, ಅಂದರೆ ಜೊತೆಗೆ ಓದುವ ಎರಡನೇ ವಿಷಯಕ್ಕೆ 24, ಬಹುಶಿಸ್ತೀಯ ಪೇಪರ್‌ಗೆ 9, ಭಾಷೆ ಮತ್ತು ಸಂವಹನಕ್ಕೆ 8, ಕೌಶಲಕ್ಕೆ 9, ಉಳಿದದ್ದು ಮೌಲ್ಯವರ್ಧಿತ ಪೇಪರ್ ಮತ್ತು ಇಂಟರ್ನ್‌ಶಿಪ್. ಇಂಟರ್ನ್‌ಶಿಪ್ ಎನ್ನುವ ಪದವನ್ನು ನಿಮ್ಮ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಮುಂದೆ ಜನ ಮರೆಯುವುದು ಇದನ್ನೇ ಅಂತ ನನಗೆ ಅನಿಸುತ್ತದೆ.

ಟೈಮ್ ಲೆಕ್ಕ ಪ್ರಾಮಾಣಿಕವಾಗಿ ಹಾಕಿ

ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. 132 ಕ್ರೆಡಿಟ್‌ಗೆ 3,960 ಗಂಟೆ. ಮೂರು ವರ್ಷದಲ್ಲಿ ಮುಗಿಸಬೇಕು ಅಂದರೆ ವಾರಕ್ಕೆ ಸುಮಾರು 25 ಗಂಟೆ. ಆರು ವರ್ಷ ತಗೊಂಡರೆ ವಾರಕ್ಕೆ 13 ಗಂಟೆಯ ಹತ್ತಿರ. ಮನೆ, ಮಕ್ಕಳು, ಡ್ಯೂಟಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ಎಲ್ಲ ಇರುವವರು ಮೂರೇ ವರ್ಷ ಅಂತ ಹಠ ಹಿಡಿಯಬೇಡಿ. ನಾನು ನಾಲ್ಕೂವರೆ ವರ್ಷ ತಗೊಂಡೆ. ಸರ್ಟಿಫಿಕೇಟ್ ನೋಡಿದ ಯಾರೂ ಎಷ್ಟು ವರ್ಷ ತಗೊಂಡಿರಿ ಅಂತ ಇವತ್ತಿನವರೆಗೂ ಕೇಳಿಲ್ಲ.

ಬೆಳಿಗ್ಗೆ ಐದರಿಂದ ಆರೂವರೆ ನನ್ನ ಓದಿನ ಹೊತ್ತು. ಭಾನುವಾರ ಮನೆಯಲ್ಲಿ ಗಲಾಟೆ ಆದರೆ ಕಬ್ಬನ್ ಪಾರ್ಕ್‌ನ ಕೇಂದ್ರ ಗ್ರಂಥಾಲಯ, ಆ ಕೆಂಪು ಕಟ್ಟಡ. ಒಳಗೆ ಹೋದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಸಾಲಾಗಿ ತಲೆ ತಗ್ಗಿಸಿ ಕೂತಿರುತ್ತಾರೆ, ಅವರನ್ನು ನೋಡಿದರೇ ಓದುವ ಮನಸ್ಸು ಬರುತ್ತದೆ. ಹಳೇ ಪುಸ್ತಕಕ್ಕೆ ಅವೆನ್ಯೂ ರಸ್ತೆ ಒಳ್ಳೆಯದು, ಆದರೆ ಪರೀಕ್ಷೆಗೆ ವಿಶ್ವವಿದ್ಯಾಲಯದವರು ಕೊಟ್ಟ ಪಠ್ಯವೇ ಮುಖ್ಯ.

ಅಸೈನ್‌ಮೆಂಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕೋರ್ಸ್‌ನಲ್ಲಿ ಅಸೈನ್‌ಮೆಂಟ್‌ಗೆ 30 ಪರ್ಸೆಂಟ್, ಪರೀಕ್ಷೆಗೆ 70 ಪರ್ಸೆಂಟ್ ತೂಕ. ಎರಡರಲ್ಲೂ ಬೇರೆ ಬೇರೆಯಾಗಿ 35 ಬೇಕು. ಅಸೈನ್‌ಮೆಂಟ್‌ನಲ್ಲಿ 90 ತೆಗೆದು ಪರೀಕ್ಷೆಯಲ್ಲಿ 30 ತೆಗೆದರೆ ಒಟ್ಟು 27 ಮತ್ತು 21, ಅಂದರೆ 48 ಆಗುತ್ತದೆ, ಆದರೂ ಪಾಸಲ್ಲ. ಒಂದು ಸಮಾಧಾನ ಏನೆಂದರೆ ಅಸೈನ್‌ಮೆಂಟ್ ಪಾಸಾಗಿದ್ದರೆ ಆ ಅಂಕ ಉಳಿಯುತ್ತದೆ, ಪರೀಕ್ಷೆ ಮಾತ್ರ ಮತ್ತೆ ಬರೆದರೆ ಸಾಕು.

ಹೆಚ್ಚಿನ ಅಸೈನ್‌ಮೆಂಟ್‌ಗಳಲ್ಲಿ 500 ಪದದ ಎರಡು ಉತ್ತರ, 250 ಪದದ ಮೂರು, 100 ಪದದ ಐದು. ಕೈಯಲ್ಲೇ ಬರೆಯಬೇಕು. ಒಂದೇ ರಾತ್ರಿ ಬರೆಯಲು ಕೂತರೆ ಹೆಬ್ಬೆರಳು ಸೆಳೆಯಲು ಶುರು ಮಾಡುತ್ತದೆ, ಕೊನೇ ಪುಟಗಳ ಅಕ್ಷರ ನಮಗೇ ಓದಲು ಬರಲ್ಲ. ದಿನಕ್ಕೆ ಒಂದು ಉತ್ತರ ಅಂತ ಇಟ್ಟುಕೊಳ್ಳಿ, ಹತ್ತು ದಿನಕ್ಕೆ ಒಂದು ಅಸೈನ್‌ಮೆಂಟ್. ಅಂಗಡಿಯಲ್ಲಿ ಬರೆದುಕೊಡುವ ಅಸೈನ್‌ಮೆಂಟ್ ಕೊಳ್ಳಬೇಡಿ. ತಪ್ಪು ಎನ್ನುವುದು ಒಂದು ಕಡೆ, ಪರೀಕ್ಷೆಗೆ ನಿಮ್ಮ ಅರ್ಧ ತಯಾರಿ ಆಗುವುದೇ ಈ ಬರವಣಿಗೆಯಿಂದ. ಕೊಟ್ಟ ಮೇಲೆ ರಸೀದಿ ತಗೊಳ್ಳಿ, ಆನ್‌ಲೈನ್‌ನಲ್ಲಿ ಹಾಕಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ನನ್ನ ಒಂದು ಅಸೈನ್‌ಮೆಂಟ್‌ನ ಅಂಕ ಎಂಟು ತಿಂಗಳು ಗ್ರೇಡ್ ಕಾರ್ಡ್‌ಗೆ ಏರಲಿಲ್ಲ. ರಸೀದಿ ಇದ್ದುದರಿಂದ ಬಚಾವಾದೆ.

ಒಂದು ವರ್ಷದ ಫಲಿತಾಂಶ ಬರಲಿ, ಆಮೇಲೆ ಮುಂದಿನ ವರ್ಷಕ್ಕೆ ನೋಂದಣಿ ಮಾಡಿದರಾಯಿತು ಅಂತ ಕೂರಬೇಡಿ. ಇಗ್ನೋದಲ್ಲಿ ಫಲಿತಾಂಶ ಏನೇ ಇರಲಿ ಮರುನೋಂದಣಿ ಮಾಡಿಸಬಹುದು, ದಿನಾಂಕ ತಪ್ಪಿದರೆ ಆರು ತಿಂಗಳೋ ವರ್ಷವೋ ಹಾಳು. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್. ಪರೀಕ್ಷೆ ಅರ್ಜಿಯನ್ನು ಪ್ರತಿ ಸಲ ಬೇರೆಯಾಗಿ ತುಂಬಬೇಕು, ನೋಂದಣಿ ಆಗಿದೆ ಅಂದರೆ ಹಾಲ್ ಟಿಕೆಟ್ ತಾನಾಗಿ ಬರುತ್ತದೆ ಅಂತಲ್ಲ.

ಮುಂದೆ ಏನು ಮಾಡಬೇಕು ಅಂತಿದ್ದೀರಿ?

ಇದನ್ನು ಈಗಲೇ ಕೇಳಿಕೊಳ್ಳಿ, ಯಾಕೆಂದರೆ ಪಾಸ್ ಆದರೆ ಎಲ್ಲದಕ್ಕೂ ಸಾಲದು. ಎಫ್‌ಡಿಎ, ಪಿಡಿಒ, ಕೆಎಎಸ್, ಬ್ಯಾಂಕ್ ಪರೀಕ್ಷೆ, ಯುಪಿಎಸ್‌ಸಿ, ಇವಕ್ಕೆ ಡಿಗ್ರಿ ಇದ್ದರೆ ಅರ್ಜಿ ಹಾಕಬಹುದು. ಎಸ್‌ಡಿಎಗೆ ಪಿಯುಸಿ ಸಾಕು. ಆದರೆ ಬಿಇಡಿ ಮಾಡಿ ಮೇಷ್ಟ್ರಾಗಬೇಕು ಅಂದರೆ ಸಾಮಾನ್ಯ ವರ್ಗದವರಿಗೆ ಡಿಗ್ರಿಯಲ್ಲಿ 50 ಪರ್ಸೆಂಟ್ ಬೇಕು, ಜೊತೆಗೆ ಶಾಲೆಯಲ್ಲಿ ಪಾಠ ಮಾಡುವ ವಿಷಯವನ್ನು ಡಿಗ್ರಿಯಲ್ಲಿ ಓದಿರಬೇಕು. ಮೂರು ವರ್ಷದ ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗಕ್ಕೆ 45. ಎಂಎ ಮಾಡುವುದಾದರೆ ಆ ವಿಷಯ ಬಿಎಯಲ್ಲಿ ಇತ್ತಾ ಅಂತ ಹಲವು ಕಡೆ ಕೇಳುತ್ತಾರೆ. ಪ್ರತಿ ಪೇಪರ್‌ನಲ್ಲೂ ಬರೀ ಪಾಸಿನ ಗೆರೆ ದಾಟಿಕೊಂಡು ಬಂದು ಕೊನೆಗೆ 47 ಪರ್ಸೆಂಟ್‌ಗೆ ನಿಂತ ನಮ್ಮ ಅಣ್ಣನ ಮಗಳು ಬಿಇಡಿ ಸೇರಲಾಗದೆ ಅತ್ತಿದ್ದು ನನ್ನ ಕಣ್ಣ ಮುಂದೆ ಇದೆ. ಬೀರು ಬಾಗಿಲಿನ ಹಾಳೆಯಲ್ಲಿ ಪಾಸ್ ಅಂಕದ ಪಕ್ಕ ನಿಮಗೆ ಬೇಕಾದ ಅಂಕವನ್ನೂ ಬರೆದಿಡಿ.

ಕೊನೆಯ ಪೇಪರ್ ಪಾಸಾದ ಮೇಲಿನ ಕೆಲಸ

ಫಲಿತಾಂಶ ಬಂತು, ಸ್ವೀಟ್ ಹಂಚಿದಿರಿ. ಡಿಗ್ರಿ ಇನ್ನೂ ಕೈಗೆ ಬಂದಿಲ್ಲ. ಮೊದಲು ಆರೂ ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ಕಾಲೇಜಿನಿಂದ ತಗೊಳ್ಳಿ. ಬಾಕಿ ಪೇಪರ್ ಪಾಸಾದ ಸೆಮಿಸ್ಟರ್‌ಗೆ ಹೊಸ ಕಾರ್ಡ್ ಬಂದಿದೆಯಾ ನೋಡಿ. ಕೆಲಸಕ್ಕೆ ತಕ್ಷಣ ಬೇಕಿದ್ದರೆ ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಮೂಲ ಪದವಿ ಪ್ರಮಾಣಪತ್ರ ಘಟಿಕೋತ್ಸವದ ಹೊತ್ತಿಗೆ ಬರುತ್ತದೆ, ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ವೇದಿಕೆಗೆ ಹೋಗದಿದ್ದರೂ ಅರ್ಜಿ ಹಾಕಲೇಬೇಕು.

ಹೆಸರು. ಇದು ನಮ್ಮ ಕಡೆಯವರಿಗೆ ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಕಾರ್ಡ್‌ನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಮದುವೆ ಆದ ಮೇಲೆ ಇನ್ನೊಂದು. ಎಬಿಸಿ ಐಡಿ ಮಾಡುವಾಗ ಇದು ತಾಳೆ ಆಗದೆ ನಿಂತುಹೋಗುತ್ತದೆ. ಎಸ್ಸೆಸ್ಸೆಲ್ಸಿ ಕಾರ್ಡ್‌ನಲ್ಲಿ ಇರುವ ಹೆಸರನ್ನೇ ಆಧಾರವಾಗಿ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಸರಿ ಮಾಡಿಸಿಕೊಳ್ಳುವುದು ಒಳ್ಳೆಯದು, ಅದೂ ಕೊನೆಯ ಸೆಮಿಸ್ಟರ್‌ಗೆ ಮೊದಲೇ. ಎಬಿಸಿ, ಅಂದರೆ ಕ್ರೆಡಿಟ್ ಬ್ಯಾಂಕ್, 2021ರಲ್ಲಿ ಶುರುವಾದದ್ದು. ನಿಮ್ಮ ಕ್ರೆಡಿಟ್‌ಗಳು ಡಿಜಿಲಾಕರ್ ಖಾತೆಯಲ್ಲಿ ಕಾಣಿಸುತ್ತವೆ. ಆದರೆ 2021ಕ್ಕಿಂತ ಹಿಂದಿನ ಹಳೇ ಮಾರ್ಕ್ಸ್ ತಾನಾಗಿ ಬಂದು ಅಲ್ಲಿ ಸೇರಿಕೊಳ್ಳುತ್ತವೆ ಅಂತ ನಂಬಿ ಕೂರಬೇಡಿ.

ನಮ್ಮ ಬಿಲ್ಲಿಂಗ್ ಹುಡುಗಿ ಮೊನ್ನೆ ಎರಡೂ ಪೇಪರ್‌ಗೆ ಫೀಸ್ ಕಟ್ಟಿದಳು. ಚಲನ್‌ನ ಫೋಟೋ ರಾತ್ರಿ ಹತ್ತೂವರೆಗೆ ನನಗೆ ಕಳಿಸಿದ್ದಳು, ಡ್ಯೂಟಿ ಮುಗಿದ ಮೇಲೆ. ಅವಳ ಹಾಳೆ ಈಗ ಅವಳ ಮನೆಯ ಫ್ರಿಜ್ ಮೇಲೆ ಇದೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಸ್ಕ್ಯಾನ್ ಮಾಡಿ ನಿಮ್ಮ ಮೇಲ್‌ಗೆ ನೀವೇ ಕಳಿಸಿಕೊಳ್ಳಿ, ನಾಲ್ಕು ಜೆರಾಕ್ಸ್ ತೆಗೆಸಿ ಗೆಜೆಟೆಡ್ ಅಧಿಕಾರಿ ಹತ್ತಿರ ದೃಢೀಕರಣ ಮಾಡಿಸಿ ಇಡಿ. ಮೂಲ ಪ್ರತಿಗೆ ಮಾತ್ರ ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ವಿದೇಶಕ್ಕೆ ಹೋಗುವಾಗಲೋ ಇನ್ಯಾವುದಕ್ಕೋ ಅದರ ಹಿಂಭಾಗದಲ್ಲಿ ಸೀಲ್ ಹಾಕಬೇಕಾಗುತ್ತದೆ, ಪ್ಲಾಸ್ಟಿಕ್ ಅಂಟಿಸಿದ್ದರೆ ತಗೊಳ್ಳಲ್ಲ. ಗಟ್ಟಿ ಫೈಲ್‌ನಲ್ಲಿ, ಮಡಚದೆ, ಒದ್ದೆ ಗೋಡೆಯಿಂದ ದೂರ ಇಡಿ.